ಸ್ಪಷ್ಟನೆ: ಕಂತು ತಪ್ಪಿದ ಕೂಡಲೇ ದಿವಾಳಿಯಾಗುವುದಿಲ್ಲ

ಕಂಪನಿ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರು ಮರುಪಾವತಿ ಯೋಜನೆಯ (ಬಾಕಿ ತೀರಿಸಲು ದಿವಾಳಿ ಸಂಹಿತೆಯಡಿ ಒಪ್ಪಿಗೆಯಾದ ಏರ್ಪಾಡು) ಕಂತು ತಪ್ಪಿಸಿದರೆ ತಾನಾಗಿಯೇ ದಿವಾಳಿ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು.

2016ರ ದಿವಾಳಿ ಸಂಹಿತೆಯ 118ನೇ ಸೆಕ್ಷನ್ ಪ್ರಕಾರ, ಯೋಜನೆ ಅವಧಿಯೊಳಗೆ ಪೂರ್ತಿಯಾಗದಿದ್ದರೆ ರೆಸಲ್ಯೂಷನ್ ಪ್ರೊಫೆಷನಲ್ (ಯೋಜನೆಯ ಉಸ್ತುವಾರಿ ನೋಡುವ ವೃತ್ತಿಪರರು) ಮೊದಲು ಎನ್‌ಸಿಎಲ್‌ಟಿಗೆ (ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ) ವರದಿ ಕೊಡಬೇಕು: ಎಷ್ಟು ಹಣ ಬಂತು, ಎಷ್ಟು ಪಾವತಿಯಾಯಿತು, ಯಾಕೆ ನಿಂತಿತು, ಯಾರಿಗೆ ಬಾಕಿ. ಅದರ ಮೇಲೆ ನ್ಯಾಯಮಂಡಳಿ ಆದೇಶ ಹೊರಡಿಸಿದ ನಂತರವಷ್ಟೇ ಜಾಮೀನುದಾರರು ಅಥವಾ ಬಾಕಿ ಬರಬೇಕಾದವರು ದಿವಾಳಿ ಅರ್ಜಿ ಹಾಕಬಹುದು. ಗಡುವು ಮೂರೇ ತಿಂಗಳು; ಎಣಿಸಬೇಕಾದ್ದು ಆದೇಶದ ತಾರೀಖಿನಿಂದ, ಕಂತು ತಪ್ಪಿದ ದಿನದಿಂದಲ್ಲ. ಆದೇಶದ ಪ್ರತಿಯನ್ನು ದಯವಿಟ್ಟು ಜೋಪಾನವಾಗಿಡಿ.

‘ದಿವಾಳಿಯಾದರೆ ಎಲ್ಲ ಸಾಲವೂ ಮನ್ನಾ’ ಎಂಬುದೂ ಸುಳ್ಳು. ಜೀವನಾಂಶ, ಕೋರ್ಟ್ ವಿಧಿಸಿದ ದಂಡ, ಶಿಕ್ಷಣ ಸಾಲ ಹಾಗೇ ಉಳಿಯುತ್ತವೆ.