ಫಾರ್ಮ್ಯಾಟ್ ಮಾಡಿಸುವ ಮುನ್ನ ಪ್ರೊಸೆಸರನ್ನು ತಿನ್ನುತ್ತಿರುವುದು ಯಾವುದು ಅಂತ ನೋಡಿ

ಕಂಪ್ಯೂಟರ್ ಸ್ಲೋ ಆಗಿದೆ ಅಂದರೆ ಎಲ್ಲರ ಬಾಯಲ್ಲೂ ಬರುವ ಸಲಹೆ ಒಂದೇ: ಫಾರ್ಮ್ಯಾಟ್ ಮಾಡಿಸಿ. ಅದಕ್ಕೂ ಬಗ್ಗದಿದ್ದರೆ ಹೊಸದು ತಗೊಳ್ಳಿ. ನನ್ನ ಪ್ರಕಾರ ಇದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಫೋಟೊ, ಕಡತ, ಪಾಸ್‌ವರ್ಡ್, ಪ್ರಿಂಟರ್ ಸೆಟ್ಟಿಂಗ್ ಎಲ್ಲವನ್ನೂ ಮೊದಲಿನಿಂದ ಕೂಡಿಸಿಕೊಳ್ಳಬೇಕು. ಇಷ್ಟೆಲ್ಲ ಆದ ಮೇಲೂ ಫ್ಯಾನಿನ ಹಿಂದೆ ಕಟ್ಟಿಕೊಂಡ ದೂಳು ಅಲ್ಲೇ ಇರುತ್ತದೆ, ಹಾಳಾಗುತ್ತಿರುವ ಹಾರ್ಡ್ ಡಿಸ್ಕ್ ಹಾಳಾಗುತ್ತಲೇ ಇರುತ್ತದೆ. ಕಾರಣ ಕಂಡುಹಿಡಿಯಲು ಬೇಕಾದ ಸಲಕರಣೆ, ಟಾಸ್ಕ್ ಮ್ಯಾನೇಜರ್, ವಿಂಡೋಸ್ ಒಳಗೇ ಇದೆ. ಅದನ್ನು ಓದುವುದು ಹೇಗೆ ಅಂತ ತಿಳಿದರೆ ಅರ್ಧ ಗಂಟೆಯಲ್ಲಿ ಕಳ್ಳ ಸಿಗುತ್ತಾನೆ.

ಮೊದಲು ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡಿದರೆ ಸಾಲದು. ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಆನ್ ಇದ್ದರೆ, ಶಟ್‌ಡೌನ್ ಹೊತ್ತಿಗೆ ವಿಂಡೋಸ್ ತನ್ನ ತಿರುಳನ್ನು, ಡ್ರೈವರ್‌ಗಳ (ಯಂತ್ರಾಂಶಗಳನ್ನು ನಡೆಸುವ ತಂತ್ರಾಂಶಗಳ) ಸಮೇತ, ಡಿಸ್ಕ್‌ಗೆ ಬರೆದಿಟ್ಟುಕೊಂಡು ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ನಿನ್ನೆ ಕೆಟ್ಟು ಕೂತಿದ್ದ ಡ್ರೈವರ್ ಇವತ್ತೂ ಕೆಟ್ಟೇ ಇರುತ್ತದೆ. ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಹೊಸದಾಗಿ ಶುರು ಮಾಡುತ್ತದೆ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ "ಅಪ್ ಟೈಮ್" ಅಂತ ಇರುತ್ತದೆ, ಮೊದಲ ಅಂಕಿ ದಿನಗಳದ್ದು. ದಿನಾ ರಾತ್ರಿ ಆಫ್ ಮಾಡುವ ಯಂತ್ರದಲ್ಲೂ ಅಲ್ಲಿ 20, 30 ಅಂತ ಇರುವುದುಂಟು. ಕಾರಣ ಇದೇ.

ರೀಸ್ಟಾರ್ಟ್ ಆದ ಮೇಲೆ ಹತ್ತು ನಿಮಿಷ ಅದರ ಪಾಡಿಗೆ ಬಿಡಿ. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದ ಕ್ಷಣದಲ್ಲಿ ಸಿಪಿಯು (ಅಂದರೆ ಪ್ರೊಸೆಸರ್) ಅಂಕಿ ಮೇಲಕ್ಕೆ ಜಿಗಿಯುತ್ತದೆ. ಅದು ಟಾಸ್ಕ್ ಮ್ಯಾನೇಜರ್ ತನ್ನ ಕೆಲಸಕ್ಕೇ ಬಳಸಿದ್ದು, ಲೆಕ್ಕಕ್ಕೆ ಹಿಡಿಯಬೇಡಿ. ಅರ್ಧ ನಿಮಿಷ ಕಾಯ್ದು, ಸಿಪಿಯು ಎಂಬ ತಲೆಬರಹದ ಮೇಲೆ ಕ್ಲಿಕ್ ಮಾಡಿ. ಹೆಚ್ಚು ತಿನ್ನುವವರು ಮೇಲೆ ಬರುತ್ತಾರೆ. ಮೆಮೊರಿ ಮತ್ತು ಡಿಸ್ಕ್ ಅಂಕಣಗಳ ಮೇಲೂ ಕಣ್ಣಿರಲಿ. ಸಿಪಿಯು ಶೇಕಡಾ 10 ಇದ್ದು ಡಿಸ್ಕ್ ಶೇಕಡಾ 100 ಇದ್ದರೆ ನಿಮ್ಮ ಸಮಸ್ಯೆ ಪ್ರೊಸೆಸರ್‌ನದ್ದೇ ಅಲ್ಲ. ತಿರುಗುವ ಹಾರ್ಡ್ ಡಿಸ್ಕ್ ಇರುವ ಯಂತ್ರಗಳಲ್ಲಿ ಇದು ತೀರಾ ಸಾಮಾನ್ಯ, ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿ ಹಾಕಿದರೆ ಮುಗಿಯುತ್ತದೆ. ಕ್ರಿಸ್ಟಲ್ ಡಿಸ್ಕ್ ಇನ್ಫೊ ಎಂಬ ತಂತ್ರಾಂಶದಲ್ಲಿ "ಕರೆಂಟ್ ಪೆಂಡಿಂಗ್ ಸೆಕ್ಟರ್" (ಡಿಸ್ಕ್ ಓದಲು ತಡವರಿಸುತ್ತಿರುವ ಭಾಗಗಳು) ಸಾಲಿನ "ರಾ ವ್ಯಾಲ್ಯೂಸ್" ಅಂಕಣ ಸೊನ್ನೆ ಬಿಟ್ಟು ಬೇರೇನಾದರೂ ತೋರಿಸಿದರೆ ಮಿಕ್ಕೆಲ್ಲ ಬದಿಗಿಟ್ಟು ಮೊದಲು ಬ್ಯಾಕಪ್ ತೆಗೆದುಕೊಳ್ಳಿ.

ಇನ್ನೊಂದು ಮಾತು. ಡೀಟೇಲ್ಸ್ ಪುಟದಲ್ಲಿ "ಸಿಸ್ಟಮ್ ಐಡಲ್ ಪ್ರೊಸೆಸ್" 95 ತೋರಿಸುತ್ತಿದೆ ಅಂತ ಎಷ್ಟೋ ಜನ ಗಾಬರಿಯಾಗುತ್ತಾರೆ. ಅದು ಪ್ರೊಸೆಸರ್ ಬಿಡುವಾಗಿರುವ ಪಾಲು. ಅಂಕಿ ದೊಡ್ಡದಿದ್ದಷ್ಟೂ ಒಳ್ಳೆಯದು.

ಈಗ ಬಹಳ ಮಂದಿ ಗಮನಿಸದ ಒಂದು ಸುಳಿವು. ಡೀಟೇಲ್ಸ್ ಪುಟದಲ್ಲಿ ಒಂದು ಪ್ರೋಗ್ರಾಮ್ ಅಲುಗಾಡದೆ 25ರಲ್ಲೇ ನಿಂತಿದೆ ಅನ್ನಿ. ನಿಮ್ಮ ಯಂತ್ರದಲ್ಲಿ ನಾಲ್ಕು ಲಾಜಿಕಲ್ ಪ್ರೊಸೆಸರ್‌ಗಳಿದ್ದರೆ (ವಿಂಡೋಸ್ ಕೆಲಸ ಹಂಚುವ ಘಟಕಗಳು, ಇಲ್ಲಿ ಸರಳವಾಗಿ ಕೋರು ಅನ್ನೋಣ), 100ನ್ನು 4ರಿಂದ ಭಾಗಿಸಿದರೆ 25. ಅಂದರೆ ಆ ಪ್ರೋಗ್ರಾಮ್ ಒಂದು ಕೋರನ್ನು ಪೂರ್ತಿ ಹಿಡಿದುಕೊಂಡು ಗಾಣದೆತ್ತಿನ ಹಾಗೆ ಸುತ್ತಿದಲ್ಲೇ ಸುತ್ತುತ್ತಿದೆ. ಎಂಟು ಇದ್ದರೆ ಅದೇ ರೋಗ 12 ಅಥವಾ 13 ಅಂತ ಕಾಣುತ್ತದೆ, ಹದಿನಾರು ಇದ್ದರೆ ಬರೀ 6. "ಆರು ಪರ್ಸೆಂಟ್ ತಾನೇ" ಅಂತ ದಾಟಿಸಿಬಿಡುವುದು ಇಲ್ಲೇ. ನಿಜವಾದ ಕೆಲಸ ಮಾಡುವ ಪ್ರೋಗ್ರಾಮ್‌ನ ಅಂಕಿ ಸಾಮಾನ್ಯವಾಗಿ 4, 19, 8, 31 ಅಂತ ಏರಿಳಿಯುತ್ತಿರುತ್ತದೆ. ಸಿಕ್ಕಿಹಾಕಿಕೊಂಡದ್ದು ಮಾತ್ರ ಒಂದೇ ಅಂಕಿಗೆ ಅಂಟಿಕೊಂಡಿರುತ್ತದೆ. ಪರ್ಫಾರ್ಮೆನ್ಸ್ ಪುಟದ ಗ್ರಾಫ್ ಮೇಲೆ ರೈಟ್ ಕ್ಲಿಕ್ ಮಾಡಿ ಲಾಜಿಕಲ್ ಪ್ರೊಸೆಸರ್ ನೋಟಕ್ಕೆ ಬದಲಾಯಿಸಿದರೆ ಪ್ರತಿ ಕೋರಿನ ಹೊರೆ ಬೇರೆಬೇರೆಯಾಗಿ ಕಾಣುತ್ತದೆ. ಆದರೆ ವಿಂಡೋಸ್ ಒಂದೇ ಕೆಲಸವನ್ನು ಕೋರಿನಿಂದ ಕೋರಿಗೆ ಎತ್ತಿಹಾಕುತ್ತಿರುವುದರಿಂದ ಗ್ರಾಫಿಗಿಂತ ಈ ಭಾಗಾಕಾರವನ್ನು ನಂಬುವುದು ವಾಸಿ.

ಪಟ್ಟಿಯ ಮೇಲ್ಭಾಗದಲ್ಲಿ ಪದೇಪದೇ ಸಿಗುವ ಕೆಲವು ಹೆಸರುಗಳಿವೆ. "ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್ ವರ್ಕರ್" ಅಂದರೆ ಅಪ್‌ಡೇಟ್ ನಡೆಯುತ್ತಿದೆ. ಹಳೆಯ ಯಂತ್ರದಲ್ಲಿ ಒಂದೆರಡು ಗಂಟೆ ಬೇಕಾದೀತು, ಬಿಟ್ಟುಬಿಡಿ. ದಿನಕ್ಕೆ ಹತ್ತು ನಿಮಿಷ ಮಾತ್ರ ಆನ್ ಮಾಡುವವರ ಕಂಪ್ಯೂಟರ್ ಯಾವಾಗಲೂ ನಿಧಾನ ಇರುವುದು ಇದಕ್ಕೇ: ಅಪ್‌ಡೇಟ್ ಮುಗಿಯುವಷ್ಟು ಹೊತ್ತು ಅದಕ್ಕೆ ಸಿಗುವುದೇ ಇಲ್ಲ. ಒಂದು ರಾತ್ರಿ ಚಾರ್ಜರ್‌ಗೆ ಹಾಕಿ, ಸ್ಲೀಪ್‌ಗೆ ಹೋಗದಂತೆ ಮಾಡಿ, ಆನ್ ಇಟ್ಟುಬಿಡಿ. "ಆಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್" ಅಂದರೆ ವಿಂಡೋಸ್‌ನದೇ ಡಿಫೆಂಡರ್. ನಿಗದಿತ ಸ್ಕ್ಯಾನ್ ವೇಳೆ ಅದು ಸರಾಸರಿ ಶೇಕಡಾ 50ರವರೆಗೆ ಪ್ರೊಸೆಸರ್ ಬಳಸುವಂತೆ ಮೊದಲೇ ಹೊಂದಿಸಿರುತ್ತಾರೆ. ಸ್ಕ್ಯಾನ್ ಮುಗಿದ ಮೇಲೂ ಇಳಿಯದಿದ್ದರೆ ಎರಡನೆಯ ಆಂಟಿವೈರಸ್ ಏನಾದರೂ ಕೂತಿದೆಯಾ ನೋಡಿ. ಒಂದು ಮುಟ್ಟಿದ ಕಡತವನ್ನು ಇನ್ನೊಂದು ತಪಾಸಣೆ ಮಾಡುತ್ತದೆ, ಅದು ಮುಟ್ಟಿತಲ್ಲ ಅಂತ ಇದು ಮತ್ತೆ ನೋಡುತ್ತದೆ. ಎರಡರಲ್ಲಿ ಒಂದು ಹೋಗಲೇಬೇಕು.

ಪ್ರಿಂಟ್ ಆಗದೆ ಉಳಿದ ಒಂದೇ ಒಂದು ಪುಟವೂ ಕೋರನ್ನು ತಿನ್ನಬಲ್ಲದು. "ಸ್ಪೂಲರ್ ಸಬ್‌ಸಿಸ್ಟಮ್ ಆ್ಯಪ್" ಮೇಲೆ ಕಂಡರೆ, ಟಾಸ್ಕ್ ಮ್ಯಾನೇಜರ್‌ನ ಸರ್ವಿಸಸ್ ಪುಟದಲ್ಲಿ ಪ್ರಿಂಟ್ ಸ್ಪೂಲರ್ (ಪ್ರಿಂಟ್‌ಗೆ ಕಳಿಸಿದ್ದನ್ನು ಸಾಲಿನಲ್ಲಿಡುವ ಸೇವೆ) ನಿಲ್ಲಿಸಿ, ಸಿ ಡ್ರೈವ್‌ನ ವಿಂಡೋಸ್, ಅದರೊಳಗಿನ ಸಿಸ್ಟಮ್32, ಸ್ಪೂಲ್, ಪ್ರಿಂಟರ್ಸ್ ಫೋಲ್ಡರ್‌ವರೆಗೆ ಹೋಗಿ ಅಲ್ಲಿರುವ ಕಡತಗಳನ್ನಷ್ಟೇ ಅಳಿಸಿ, ಸ್ಪೂಲರನ್ನು ಮತ್ತೆ ಶುರು ಮಾಡಿ. ಫೋಲ್ಡರನ್ನೇ ಅಳಿಸಬೇಡಿ.

"ಡಬ್ಲ್ಯುಎಂಐ ಪ್ರೊವೈಡರ್ ಹೋಸ್ಟ್" ಮೇಲಿದ್ದರೆ ಅದನ್ನು ಕೊಂದು ಪ್ರಯೋಜನವಿಲ್ಲ, ಮತ್ತೆ ಹುಟ್ಟುತ್ತದೆ. ಅದು ಕೇಳಿದವರಿಗೆ ಮಾಹಿತಿ ಕೊಡುವ ಸೇವಕ, ತಪ್ಪು ಪದೇಪದೇ ಕೇಳುತ್ತಿರುವವರದ್ದು. ವಿಂಡೋಸ್‌ನ ದಿನಚರಿಯಾದ ಈವೆಂಟ್ ವ್ಯೂವರ್ ತೆರೆದು ಅಪ್ಲಿಕೇಶನ್ಸ್ ಅಂಡ್ ಸರ್ವಿಸಸ್ ಲಾಗ್ಸ್, ಮೈಕ್ರೋಸಾಫ್ಟ್, ವಿಂಡೋಸ್, ಡಬ್ಲ್ಯುಎಂಐ ಆ್ಯಕ್ಟಿವಿಟಿ, ಆಪರೇಷನಲ್ ಅಂತ ಇಳಿಯಿರಿ. ಎರರ್ ಸಾಲುಗಳಲ್ಲಿ "ಕ್ಲೈಂಟ್ ಪ್ರೊಸೆಸ್ ಐಡಿ" ಎಂಬ ಸಂಖ್ಯೆ ಇರುತ್ತದೆ. ಅದೇ ಸಂಖ್ಯೆಯನ್ನು ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಪುಟದ ಪಿಐಡಿ ಅಂಕಣದಲ್ಲಿ ಹುಡುಕಿ. ಲ್ಯಾಪ್‌ಟಾಪ್ ಜೊತೆಗೇ ಬಂದ ಯಾವುದೋ "ಸಹಾಯಕ" ತಂತ್ರಾಂಶ ಅಲ್ಲಿ ಸಿಕ್ಕಿಬೀಳುವುದೇ ಹೆಚ್ಚು. "ಸಿಸ್ಟಮ್ ಇಂಟರಪ್ಟ್ಸ್" ಒಂದೆರಡು ಪರ್ಸೆಂಟ್ ದಾಟಿ ಅಲ್ಲೇ ನಿಂತರೆ ಅದು ಹಾರ್ಡ್‌ವೇರ್ ಅಥವಾ ಡ್ರೈವರ್ ಕೂಗು. ಯುಎಸ್‌ಬಿಗೆ ಸಿಕ್ಕಿಸಿದ್ದನ್ನು ಒಂದೊಂದಾಗಿ ಕಿತ್ತು ನೋಡಿ. ಯಾವುದು ಕಿತ್ತಾಗ ಅಂಕಿ ಇಳಿಯಿತೋ ಅದೇ ಆರೋಪಿ.

ಬ್ರೌಸರ್ ವಿಷಯಕ್ಕೆ ಬಂದರೆ, ಟಾಸ್ಕ್ ಮ್ಯಾನೇಜರ್‌ನಲ್ಲಿ "ಕ್ರೋಮ್" ಅಂತ ಇಪ್ಪತ್ತು ಸಾಲು ಕಂಡರೆ ಏನೂ ತಿಳಿಯುವುದಿಲ್ಲ. ಕ್ರೋಮ್ ಒಳಗೇ ಶಿಫ್ಟ್ ಮತ್ತು ಎಸ್ಕೇಪ್ ಒತ್ತಿ, ಅದರದೇ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಯಾವ ಟ್ಯಾಬ್, ಯಾವ ಎಕ್ಸ್‌ಟೆನ್ಶನ್ ಎಷ್ಟು ತಿನ್ನುತ್ತಿದೆ ಅಂತ ಹೆಸರು ಸಮೇತ ತೋರಿಸುತ್ತದೆ. ಇನ್ನು ಯೂಟ್ಯೂಬ್ ಹಚ್ಚಿದರೆ ಸಾಕು ಫ್ಯಾನ್ ಕೂಗುತ್ತದೆ ಅನ್ನುವವರು ವಿಡಿಯೊ ಮೇಲೆ ರೈಟ್ ಕ್ಲಿಕ್ ಮಾಡಿ "ಸ್ಟ್ಯಾಟ್ಸ್ ಫಾರ್ ನರ್ಡ್ಸ್" ತೆರೆಯಿರಿ. ಕೋಡೆಕ್ಸ್ ಎಂಬ ಸಾಲಿನಲ್ಲಿ ಎವಿ01 (ಎವಿ1 ಎಂಬ ಹೊಸ ವಿಡಿಯೊ ರೂಪ) ಅಂತ ಇದ್ದು, ನಿಮ್ಮ ಇಂಟೆಲ್ ಪ್ರೊಸೆಸರ್ 10ನೇ ತಲೆಮಾರಿನದ್ದೋ ಅದಕ್ಕಿಂತ ಹಳೆಯದೋ ಆಗಿದ್ದು, ಬೇರೆ ಹೊಸ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ, ಆ ವಿಡಿಯೊ ಬಿಡಿಸುವ ಯಂತ್ರಾಂಶವೇ ನಿಮ್ಮಲ್ಲಿಲ್ಲ. ಇಂಟೆಲ್ ಅದನ್ನು ಕೊಟ್ಟದ್ದು 2020ರಲ್ಲಿ ಬಂದ 11ನೇ ತಲೆಮಾರಿನಿಂದ. ಹಾಗಾಗಿ ಇಡೀ ಹೊರೆ ಪ್ರೊಸೆಸರ್ ತಲೆಗೆ ಬೀಳುತ್ತದೆ. ಎಚ್264ಇಫೈ ತರಹದ ಎಕ್ಸ್‌ಟೆನ್ಶನ್ ಹಾಕಿದರೆ ಯೂಟ್ಯೂಬ್ ಹಳೆಯ ಎಚ್.264 ರೂಪದಲ್ಲಿ ವಿಡಿಯೊ ಕಳಿಸುತ್ತದೆ, ಅದನ್ನು ಹಳೆಯ ಗ್ರಾಫಿಕ್ಸ್ ಚಿಪ್ಪೂ ಸಲೀಸಾಗಿ ಬಿಡಿಸುತ್ತದೆ. ಜೊತೆಗೆ ಕ್ರೋಮ್ ಸೆಟ್ಟಿಂಗ್ಸ್‌ನ ಸಿಸ್ಟಮ್ ಭಾಗದಲ್ಲಿ ಗ್ರಾಫಿಕ್ಸ್ ಆ್ಯಕ್ಸಿಲರೇಶನ್ ಆನ್ ಇರಲಿ. "ಇದನ್ನು ಆಫ್ ಮಾಡಿದರೆ ಫಾಸ್ಟ್ ಆಗುತ್ತೆ" ಅನ್ನುವ ಸಲಹೆ ಹೆಚ್ಚಿನ ಯಂತ್ರಗಳಲ್ಲಿ ಉಲ್ಟಾ ಹೊಡೆಯುತ್ತದೆ.

ಇಷ್ಟೂ ನೋಡಿದರೂ ತಿನ್ನುವವರು ಯಾರೂ ಕಾಣದೆ, ಯಂತ್ರ ಮಾತ್ರ ಆಮೆಯಂತಿದ್ದರೆ ಪರ್ಫಾರ್ಮೆನ್ಸ್ ಪುಟದ "ಸ್ಪೀಡ್" ಅಂಕಿ ನೋಡಿ, ಪಕ್ಕದಲ್ಲೇ ಇರುವ "ಬೇಸ್ ಸ್ಪೀಡ್" ಜೊತೆ ಹೋಲಿಸಿ. ಯಂತ್ರ ಬಿಡುವಾಗಿದ್ದಾಗ ಸ್ಪೀಡ್ ಇಳಿಯುವುದು ಸಹಜ. ಆದರೆ ಬೇಸ್ ಸ್ಪೀಡ್ 2.4 ಗಿಗಾಹರ್ಟ್ಸ್ ಇದ್ದು, ಭಾರದ ಕೆಲಸ ಕೊಟ್ಟಾಗಲೂ ಸ್ಪೀಡ್ 0.8ರಲ್ಲೇ ನಿಂತಿದ್ದರೆ ಯಾರೋ ಪ್ರೊಸೆಸರ್‌ನ ಕುತ್ತಿಗೆ ಹಿಡಿದಿದ್ದಾರೆ ಅಂತ ಅರ್ಥ. ಇಂಥ ಹೊತ್ತಿನಲ್ಲಿ ವಿಂಡೋಸ್ ಆವೃತ್ತಿಗೆ ತಕ್ಕಂತೆ ಸಿಪಿಯು 100 ಅಂತಲೂ ತೋರಿಸಬಹುದು, 33ರ ಮೇಲೆ ಏರದೆ ನಿಂತಂತೆಯೂ ತೋರಿಸಬಹುದು. ಎರಡರಲ್ಲೂ ಪ್ರೊಸೆಸರ್‌ಗೆ ಬಿಡುವಿಲ್ಲ.

ಲ್ಯಾಪ್‌ಟಾಪ್ ಆಗಿದ್ದರೆ ಮೊದಲು ಚಾರ್ಜರ್ ಬದಲಿಸಿ ನೋಡಿ. 65 ವಾಟ್ ಬೇಕಾದಲ್ಲಿ 45 ವಾಟ್‌ನದ್ದು ಸಿಕ್ಕಿಸಿದರೆ, ಅಥವಾ ಪಿನ್ ಸವೆದು ಲ್ಯಾಪ್‌ಟಾಪ್ ತನ್ನ ಚಾರ್ಜರನ್ನೇ ಗುರುತಿಸದಿದ್ದರೆ, ಕೆಲವು ಮಾದರಿಗಳು ವೇಗವನ್ನು ಪಾತಾಳಕ್ಕೆ ಇಳಿಸುತ್ತವೆ. ಚಾರ್ಜರ್ ಸರಿಯಿದ್ದರೆ ಉಳಿದದ್ದು ಬಿಸಿ. ಎಚ್‌ಡಬ್ಲ್ಯು ಇನ್ಫೊ ಎಂಬ ತಂತ್ರಾಂಶದಲ್ಲಿ ತಾಪಮಾನ ನೋಡಿ. ಇಂಟೆಲ್ ಲ್ಯಾಪ್‌ಟಾಪ್ ಚಿಪ್‌ಗಳು ಸಾಮಾನ್ಯವಾಗಿ 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ತಾವಾಗಿಯೇ ವೇಗ ತಗ್ಗಿಸುತ್ತವೆ. ತಳದ ಮುಚ್ಚಳ ತೆಗೆದು ನೋಡಿದರೆ ಫ್ಯಾನಿನ ರೆಕ್ಕೆಗಳು ಚೆನ್ನಾಗಿಯೇ ಕಾಣುತ್ತವೆ. ಮೋಸ ಇರುವುದು ಫ್ಯಾನ್ ಮತ್ತು ತಾಮ್ರದ ಪೈಪಿನ ತುದಿಯ ಜಾಲರಿಯ ನಡುವೆ. ಅಲ್ಲಿ ದೂಳು ಕಂಬಳಿ ತುಂಡಿನಂತೆ ಒತ್ತಾಗಿ ಹೆಣೆದುಕೊಂಡಿರುತ್ತದೆ. ಹೊರಗಿನಿಂದ ಗಾಳಿ ಊದಿದರೆ ಅದು ಸಡಿಲವಾಗಿ ಮತ್ತೆ ಫ್ಯಾನಿಗೇ ಬೀಳುತ್ತದೆ. ಆಫ್ ಮಾಡಿ, ಚಾರ್ಜರ್ ಕಿತ್ತು, ಬ್ಯಾಟರಿ ಸಂಪರ್ಕ ತಪ್ಪಿಸಿ, ಫ್ಯಾನಿನ ಸ್ಕ್ರೂ ಬಿಚ್ಚಿ, ಆ ಕಂಬಳಿಯನ್ನು ಚಿಮುಟದಲ್ಲಿ ಎತ್ತಿ ತೆಗೆಯಬೇಕು. ಊದುವಾಗ ರೆಕ್ಕೆ ತಿರುಗದಂತೆ ಬೆರಳಲ್ಲಿ ಹಿಡಿದುಕೊಳ್ಳಿ, ಇಲ್ಲದಿದ್ದರೆ ಬೇರಿಂಗ್ ಹಾಳಾದೀತು. ಥರ್ಮಲ್ ಪೇಸ್ಟ್ (ಚಿಪ್ಪಿನ ಬಿಸಿಯನ್ನು ದಾಟಿಸುವ ಲೇಪ) ಒಣಗಿ ಬಿರುಕು ಬಿಟ್ಟಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಬಟಾಣಿಗಿಂತ ಚಿಕ್ಕದಾದ ಒಂದು ಹನಿ ಹೊಸ ಪೇಸ್ಟ್ ಇಡಿ. ಹೀಟ್‌ಸಿಂಕಿನ (ಚಿಪ್ಪಿನ ಮೇಲೆ ಕೂತು ಬಿಸಿ ಹೀರುವ ಲೋಹದ ಭಾಗದ) ಸ್ಕ್ರೂಗಳ ಪಕ್ಕ 1, 2, 3, 4 ಅಂತ ಕೆತ್ತಿರುತ್ತಾರೆ, ಬಿಗಿ ಮಾಡುವಾಗ ಅದೇ ಕ್ರಮ. ಒಂದು ಮೂಲೆ ಮೊದಲೇ ಪೂರ್ತಿ ಬಿಗಿದರೆ ಚಿಪ್ಪಿನ ಅಂಚು ಸೀಳುವ ಅಪಾಯವಿದೆ.

ಅನುಮಾನಪಡಲೇಬೇಕಾದ ಇನ್ನೊಂದು ಲಕ್ಷಣ: ಫ್ಯಾನ್ ಜೋರಾಗಿ ಕೂಗುತ್ತಿದೆ, ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ಎಲ್ಲ ಶಾಂತ, ಮುಚ್ಚಿದ ಸ್ವಲ್ಪ ಹೊತ್ತಿಗೆ ಮತ್ತೆ ಕೂಗು. ಕದ್ದು ಕ್ರಿಪ್ಟೊ ಗಣಿಗಾರಿಕೆ ಮಾಡುವ ಮಾಲ್‌ವೇರ್ ಹೀಗೆ ಅಡಗುತ್ತದೆ. ಕ್ರ್ಯಾಕ್ ಮಾಡಿದ ತಂತ್ರಾಂಶ, ಪುಕ್ಕಟೆ ಆ್ಯಕ್ಟಿವೇಟರ್‌ಗಳು ಇದರ ಹೆಬ್ಬಾಗಿಲು. ವಿಂಡೋಸ್ ಸೆಕ್ಯುರಿಟಿಯ ಎಕ್ಸ್‌ಕ್ಲೂಶನ್ಸ್ ಪಟ್ಟಿ (ಡಿಫೆಂಡರ್ ತಪಾಸಣೆ ಮಾಡದೆ ಬಿಡುವವು) ನೋಡಿ. ನೀವು ಸೇರಿಸದ ಫೋಲ್ಡರ್ ಅಲ್ಲಿದ್ದರೆ ಅದನ್ನು ತೆಗೆದು, ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಓಡಿಸಿ. ಯಂತ್ರ ರೀಸ್ಟಾರ್ಟ್ ಆಗಿ ಸುಮಾರು 15 ನಿಮಿಷ ತೆಗೆದುಕೊಳ್ಳುತ್ತದೆ. ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕುವುದರಿಂದ ಅಡಗಲು ಜಾಗ ಇರುವುದಿಲ್ಲ.

ಮಾಡಬಾರದ್ದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ. ರಿಜಿಸ್ಟ್ರಿ ಕ್ಲೀನರ್, ಪಿಸಿ ಬೂಸ್ಟರ್ ಯಾವುದನ್ನೂ ಹಾಕಬೇಡಿ. ರಿಜಿಸ್ಟ್ರಿ ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ; ಅದರಲ್ಲಿ ಸಾವಿರ ಹಳೆಯ ಸಾಲು ಉಳಿದರೂ ಪ್ರೊಸೆಸರ್‌ಗೆ ಹೊರೆಯಾಗುವುದಿಲ್ಲ, ತಪ್ಪು ಸಾಲು ಅಳಿಸಿದರೆ ವಿಂಡೋಸೇ ಏಳದಿರಬಹುದು. ಹೆಸರುವಾಸಿಯಾದ ಸಿಕ್ಲೀನರ್‌ನ 5.33 ಆವೃತ್ತಿಯೊಳಗೇ 2017ರಲ್ಲಿ ದಾಳಿಕೋರರು ಮಾಲ್‌ವೇರ್ ಸೇರಿಸಿ ಹಂಚಿಬಿಟ್ಟಿದ್ದರು. "ಎಂಎಸ್‌ಕಾನ್ಫಿಗ್ ತೆರೆದು ಬೂಟ್ ವಿಭಾಗದಲ್ಲಿ ಪ್ರೊಸೆಸರ್ ಸಂಖ್ಯೆ ಹೆಚ್ಚಿಸಿ" ಎಂಬ ವಿಡಿಯೊಗಳನ್ನೂ ನಂಬಬೇಡಿ. ಎಂಎಸ್‌ಕಾನ್ಫಿಗ್ ಅಂದರೆ ವಿಂಡೋಸ್ ಹೇಗೆ ಏಳಬೇಕು ಅಂತ ಹೊಂದಿಸುವ, ಅದರದೇ ಸಲಕರಣೆ. ಆ ಗುರುತು ಹಾಕದಿದ್ದಾಗ ವಿಂಡೋಸ್ ಇರುವ ಕೋರುಗಳನ್ನೆಲ್ಲ ಬಳಸುತ್ತದೆ. ಆ ಆಯ್ಕೆ ಇರುವುದು ಪರೀಕ್ಷೆಗಾಗಿ ಕಡಿಮೆ ಮಾಡಲಿಕ್ಕೆ. ಪ್ರೋಗ್ರಾಮ್‌ಗೆ ರಿಯಲ್‌ಟೈಮ್ ಪ್ರಿಯಾರಿಟಿ (ಎಲ್ಲಕ್ಕಿಂತ ಮೇಲಿನ ಆದ್ಯತೆ) ಕೊಟ್ಟರೆ ಮೌಸ್ ಕೂಡ ಅಲುಗದಂತಾಗಬಹುದು.

ಕಾರಣ ಸಿಗಲೇ ಇಲ್ಲವೇ? ಎಂಎಸ್‌ಕಾನ್ಫಿಗ್‌ನ ಸರ್ವಿಸಸ್ ಪುಟದಲ್ಲಿ ಮೊದಲು "ಹೈಡ್ ಆಲ್ ಮೈಕ್ರೋಸಾಫ್ಟ್ ಸರ್ವಿಸಸ್" ಗುರುತು ಹಾಕಿ, ಉಳಿದದ್ದನ್ನೆಲ್ಲ ನಿಲ್ಲಿಸಿ, ರೀಸ್ಟಾರ್ಟ್ ಮಾಡಿ. ಆ ಗುರುತು ಮರೆತರೆ ವಿಂಡೋಸ್‌ನದೇ ಸೇವೆಗಳು ನಿಂತು ಲಾಗಿನ್‌ಗೇ ಕಷ್ಟವಾಗುತ್ತದೆ, ಜೋಪಾನ. ಯಂತ್ರ ಚುರುಕಾಯಿತೇ? ಹಾಗಾದರೆ ನಿಲ್ಲಿಸಿದವುಗಳಲ್ಲಿ ಅರ್ಧ ಆನ್ ಮಾಡಿ. ಮತ್ತೆ ನಿಧಾನವಾದರೆ ಕಳ್ಳ ಆ ಅರ್ಧದಲ್ಲಿದ್ದಾನೆ, ಇಲ್ಲದಿದ್ದರೆ ಇನ್ನರ್ಧದಲ್ಲಿ. 16 ಸೇವೆಗಳಿದ್ದರೆ ಹೀಗೆ ಅರ್ಧರ್ಧ ಮಾಡುತ್ತಾ ನಾಲ್ಕೇ ರೀಸ್ಟಾರ್ಟ್‌ನಲ್ಲಿ ಒಂದಕ್ಕೆ ಇಳಿಯುತ್ತೀರಿ. ಸಿಕ್ಕ ಮೇಲೆ ಆ ಒಂದನ್ನು ಅನ್‌ಇನ್‌ಸ್ಟಾಲ್ ಮಾಡಿ, ಉಳಿದ ಎಲ್ಲವನ್ನೂ ಮರೆಯದೆ ಆನ್ ಮಾಡಿಬಿಡಿ. ಮೈಕ್ರೋಸಾಫ್ಟ್ ಅಲ್ಲದ್ದೆಲ್ಲ ನಿಂತಿದ್ದೂ ನಿಧಾನವೇ ಇದ್ದರೆ, ಬಿಸಿ, ಡಿಸ್ಕ್, ಚಾರ್ಜರ್ ಮೂರೂ ಸರಿ ಇದ್ದರೆ, ಆಗ ಫಾರ್ಮ್ಯಾಟ್ ಮಾಡಿಸಿ.