ಪ್ಯಾರಿಸ್ ಒಪೆರಾ ಕೆಳಗೆ ದೋಣಿ ವಿಹಾರ ಇಲ್ಲ

‘ಪ್ಯಾರಿಸ್‌ನ ಹಳೇ ಒಪೆರಾ ಕಟ್ಟಡದ ಕೆಳಗೆ ಸರೋವರ ಇದೆ, ಟಿಕೆಟ್ ತಗೊಂಡರೆ ದೋಣಿಯಲ್ಲಿ ಸುತ್ತಾಡಿಸುತ್ತಾರೆ. ಇಲ್ಲೇ ತೂಗುದೀಪ ಬಿದ್ದು ನೂರಾರು ಜನ ಸತ್ತರು’ ಅನ್ನೋ ಮೆಸೇಜ್ ವಾಟ್ಸ್ಯಾಪ್‌ನಲ್ಲಿ ಓಡಾಡುತ್ತಿದೆ. ಇದು ಸರಿಯಲ್ಲ.

ಆ ಒಪೆರಾ (ಸಂಗೀತ ನಾಟಕ) ಮಂದಿರದ ಹೆಸರು ಪಾಲೆ ಗಾರ್ನಿಯೆ. ಅದರ ಕೆಳಗೆ ನೀರಿರುವುದು ನಿಜ. ಆದರೆ ಅದು ಕಟ್ಟಿಸಿದ ತೊಟ್ಟಿ. 1861ರಲ್ಲಿ ಕೆಲಸ ಶುರುವಾದ ಮೇಲೆ ಪಾಯದಲ್ಲಿ ಅಂತರ್ಜಲ ಉಕ್ಕಿತು. ತಿಂಗಳುಗಟ್ಟಲೆ ಹಗಲೂ ರಾತ್ರಿ ಪಂಪು ಓಡಿಸಿದರೂ ಪೂರ್ತಿ ಬತ್ತಲಿಲ್ಲ. ಆಗ ವಾಸ್ತುಶಿಲ್ಪಿ ಶಾರ್ಲ್ ಗಾರ್ನಿಯೆ ಗಟ್ಟಿ ತೊಟ್ಟಿ ಕಟ್ಟಿಸಿ ಅದರೊಳಗೆ ನೀರನ್ನೇ ತುಂಬಿಸಿದರು. ಕೆಳಗಿಂದ ಒತ್ತುವ ನೀರಿಗೆ ಒಳಗಿನ ನೀರಿನ ಭಾರವೇ ತಡೆ. ಎಂಥ ಜಾಣತನ ಅಲ್ವಾ! ಈಗ ಅಗ್ನಿಶಾಮಕ ದಳದವರು ಅಲ್ಲಿ ಕತ್ತಲಲ್ಲಿ ಮುಳುಗು ಹಾಕುವ ಅಭ್ಯಾಸ ಮಾಡುತ್ತಾರೆ. ಪ್ರವಾಸಿಗರಿಗೆ ಪ್ರವೇಶವಿಲ್ಲ.

ತೂಗುದೀಪವೂ ಬಿದ್ದಿಲ್ಲ. 1896ರ ಮೇ 20ರಂದು ಬಿದ್ದದ್ದು ಅದರ ಸಮತೂಕದ ಭಾರ, ಅಂದರೆ ದೀಪದ ತೂಕ ಸರಿದೂಗಿಸಲು ಇನ್ನೊಂದು ಕಡೆ ತೂಗುಹಾಕಿದ್ದ ತೂಕ. ತೀರಿಕೊಂಡದ್ದು ಒಬ್ಬ ಮಹಿಳೆ. ಆ ಕಾಲದ ಪತ್ರಿಕೆಗಳಲ್ಲೇ ಇದು ದಾಖಲಾಗಿದೆ.

ಟಿಕೆಟ್ ತಗೊಂಡವರಿಗೆ ಕಾಣುವುದೇನೂ ಕಮ್ಮಿಯಿಲ್ಲ: ಅಮೃತಶಿಲೆಯ ಮಹಾಮೆಟ್ಟಿಲು, ಚಿನ್ನದ ಬಣ್ಣದ ಮೊಗಸಾಲೆ, 1964ರಲ್ಲಿ ಚಿತ್ರಕಾರ ಮಾರ್ಕ್ ಶಗಾಲ್ ಚಿತ್ರಿಸಿದ ಸಭಾಂಗಣದ ಚಾವಣಿ. ತಾಲೀಮು ನಡೆಯುವಾಗ ಮಾತ್ರ ಸಭಾಂಗಣದ ಬಾಗಿಲು ಹಾಕಿರಬಹುದು, ಮೊದಲೇ ವಿಚಾರಿಸಿ ಹೋಗಿ.

ಆ ಮೆಸೇಜ್ ನಿಮಗೂ ಬಂದಿದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ.