ಕೇಳಿ ಪಡೆದ ಹೆಸರು

ಮೊನ್ನೆ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಕೆನಡಾದ ವ್ಯಾಂಕೂವರ್‌ನ ಒಂದು ಬೀದಿ ಫಲಕದ ಫೋಟೊ ಹಾಕಿ, "ಇದೇನು ಬೀದಿ ಹೆಸರೋ, ಪಾಸ್‌ವರ್ಡೋ?" ಅಂತ ಕೇಳಿದ್ದರು. ಕೆಳಗೆ ನಗುವ ಮುಖಗಳ ಸಾಲು. ನಕ್ಕವರೆಲ್ಲ ಇಲ್ಲಿನ ಕನ್ನಡಿಗರು, ನನಗೆ ಬೇಕಾದವರೇ. ಅಲ್ಲೇ ಉತ್ತರ ಟೈಪ್ ಮಾಡಿ ಅಳಿಸಿದೆ. ಎರಡು ಸಾಲಿಗೆ ಮುಗಿಯುವ ವಿಷಯವಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಫಲಕದಲ್ಲಿದ್ದದ್ದು ಇಲ್ಲಿನ ಮೂಲನಿವಾಸಿಗಳಾದ ಮಸ್ಕ್ವಿಯಂ ಜನರ ಭಾಷೆಯ, ಅವರದೇ ಲಿಪಿಯ ಹೆಸರು. 2025ರ ಜೂನ್‌ವರೆಗೆ ಆ ಬೀದಿ ಟ್ರಚ್ ಸ್ಟ್ರೀಟ್ ಆಗಿತ್ತು. ಜೋಸೆಫ್ ಟ್ರಚ್ ಇಂಗ್ಲೆಂಡಿನಿಂದ ಬಂದ ಎಂಜಿನಿಯರ್, ಸರ್ವೆಯರ್. 1864ರಲ್ಲಿ ಬ್ರಿಟಿಷ್ ಕೊಲಂಬಿಯಾದ ಜಮೀನು ವ್ಯವಹಾರವೆಲ್ಲ ಅವನ ಕೈಗೆ ಬಂತು. 1871ರಲ್ಲಿ ಈ ಪ್ರಾಂತ್ಯದ ಮೊದಲ ಲೆಫ್ಟಿನೆಂಟ್ ಗವರ್ನರೂ ಆದ. ಅದಕ್ಕೆ ಮುಂಚೆ, ಇದಿನ್ನೂ ಬ್ರಿಟಿಷ್ ವಸಾಹತಾಗಿದ್ದಾಗ ಗವರ್ನರ್ ಆಗಿದ್ದ ಜೇಮ್ಸ್ ಡಗ್ಲಸ್, ಮೂಲನಿವಾಸಿಗಳು ತೋರಿಸಿದಷ್ಟು ಜಾಗವನ್ನು ಅವರಿಗೇ ಗುರುತು ಮಾಡಿ ಬಿಡಿ ಎಂದಿದ್ದ. ಟ್ರಚ್ ಆ ಜಾಗಗಳನ್ನು ಮತ್ತೆ ಅಳೆಸಿ ಕತ್ತರಿಸಿದ. ಒಂದು ಕುಟುಂಬಕ್ಕೆ 10 ಎಕರೆ ಸಾಕು ಅನ್ನುವುದು ಅವನ ಲೆಕ್ಕ. ಅದೇ ಕಾಲದಲ್ಲಿ ಹೊರಗಿನಿಂದ ಬಂದ ಬಿಳಿಯನೊಬ್ಬ ಗೂಟ ನೆಟ್ಟು 160 ಎಕರೆ ಹಿಡಿಯಬಹುದಿತ್ತು. ಸಾವಿರಾರು ವರ್ಷದಿಂದ ಇಲ್ಲೇ ಇದ್ದವರು ಮಾತ್ರ ವಿಶೇಷ ಅನುಮತಿಯಿಲ್ಲದೆ ಹಾಗೆ ಹಿಡಿಯುವಂತಿಲ್ಲ ಅಂತ 1866ರಲ್ಲಿ ಕಾಯಿದೆಯೇ ಬಂತು. ಈ ನೆಲದ ಮೇಲೆ ಅವರಿಗೆ ಹಕ್ಕೇ ಇಲ್ಲ ಅಂತ ವಾದಿಸಿದವನೂ ಇವನೇ.

ಇದನ್ನು ಓದುವಾಗ ನನಗೆ ನಮ್ಮಜ್ಜಿ ನೆನಪಾಗುತ್ತಾರೆ. ನಮ್ಮ ಹೊಲಗಳಿಗೆ ಪಹಣಿಯಲ್ಲಿ ಸರ್ವೆ ನಂಬರ್ ಇತ್ತು. ಅಜ್ಜಿಯ ಬಾಯಲ್ಲಿ ಅದು ಒಂದು ದಿನವೂ ಬಂದದ್ದಿಲ್ಲ. ಹುಣಸೆಮರದ ಹೊಲ, ಕೋಡಿ ಗದ್ದೆ, ಕಲ್ಲುಹಾಸಿನ ಹಕ್ಕಲು, ಅಷ್ಟೇ. ಹುಣಸೆಮರ ಬಿದ್ದು ಎಷ್ಟೋ ವರ್ಷವಾದರೂ ಅದು ಹುಣಸೆಮರದ ಹೊಲವೇ. ಆ ಹೆಸರುಗಳನ್ನೆಲ್ಲ ಅಳಿಸಿ, ಹೊಲ ಕಿತ್ತುಕೊಂಡ ಸರ್ವೆಯರನ ಹೆಸರನ್ನೇ ಅಲ್ಲಿ ಬೋರ್ಡ್ ಹಾಕಿದ್ದರೆ? ಮಸ್ಕ್ವಿಯಂ ಜನ ತಮ್ಮದೇ ನೆಲದಲ್ಲಿ ಅಂಥ ಬೋರ್ಡಿನ ಕೆಳಗೆ ಓಡಾಡಿದರು, ತಲೆಮಾರುಗಟ್ಟಲೆ.

ನನಗೆ ಈ ಬದಲಾವಣೆಯಲ್ಲಿ ತುಂಬ ಹಿಡಿಸಿದ್ದು ಅದು ನಡೆದ ರೀತಿ. ನಗರದವರು ತಾವೇ ಕೂತು ಇನ್ನೊಂದು ಚೆಂದದ ಹೆಸರು ಆರಿಸಬಹುದಿತ್ತು. ಹಾಗೆ ಮಾಡದೆ ಮಸ್ಕ್ವಿಯಂ ಜನರನ್ನು ಕೇಳಿದರು. ಅವರು 2022ರಲ್ಲಿ ಒಂದು ಹೆಸರನ್ನು ಉಡುಗೊರೆಯಾಗಿ ಕೊಟ್ಟರು. ಇಲ್ಲಿ ಬಳಸುವ ಮಾತೇ ಅದು, ಉಡುಗೊರೆ. ಕನ್ನಡದಲ್ಲಿ ಬರೆದರೆ ಸುಮಾರಾಗಿ 'ಶ್‌ಮಸ್‌ಕ್ವಿಯಮಾಸಮ್' ಎಂದಾಗುತ್ತದೆ. ಮಸ್ಕ್ವಿಯಂ ಕಡೆಯ ನೋಟ ಅಂತ ಅರ್ಥ. ಮಸ್ಕ್ವಿಯಂ ಅಂದರೆ ನದಿದಡದ ಹುಲ್ಲಿನ ಜನ. ಫ್ರೇಸರ್ ನದಿ ಕಡಲು ಸೇರುವಲ್ಲಿ ಬೆಳೆಯುತ್ತಿದ್ದ ಒಂದು ಹುಲ್ಲಿನಿಂದ ಬಂದ ಹೆಸರು. ವಿಕ್ಟೋರಿಯಾ ನಗರದಲ್ಲೂ ಒಂದು ಟ್ರಚ್ ಬೀದಿ ಇತ್ತು. 2022ರಲ್ಲಿ ಅದಕ್ಕೆ ಅಲ್ಲಿನ ಮೂಲನಿವಾಸಿಗಳ ಲೆಕ್ವಂಗನ್ ಭಾಷೆಯ ಹೆಸರು ಬಂತು, ಅರ್ಥ 'ಸತ್ಯ'.

ಆಂಬುಲೆನ್ಸಿನವರು ಹೇಗೆ ಹುಡುಕುತ್ತಾರೆ ಅಂತ ಗ್ರೂಪಿನಲ್ಲಿ ಒಬ್ಬರು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಅದಕ್ಕೇ ಆ ಲಿಪಿ ಓದಲಾಗದ ಕಂಪ್ಯೂಟರುಗಳಿಗಾಗಿ 'ಮಸ್ಕ್ವಿಯಂವ್ಯೂ' ಎನ್ನುವ ಇಂಗ್ಲಿಷ್ ರೂಪವನ್ನೂ ಬಳಕೆಗೆ ಇಟ್ಟಿದ್ದಾರೆ.

ಹೆಸರು ಬದಲಾಯಿಸಿದರೆ ಹೋದ ಜಮೀನು ವಾಪಸ್ ಬರುತ್ತದಾ ಅನ್ನುವುದು ಇನ್ನೊಂದು ಪ್ರಶ್ನೆ. ಬರುವುದಿಲ್ಲ. ಆದರೆ ಅವರು ಹೆಸರು ಸಿಕ್ಕರೆ ಸಾಕು ಅಂತ ಕೂತವರಲ್ಲ. 1958ರಲ್ಲಿ ಕೇಂದ್ರ ಸರ್ಕಾರ ಅವರ 162 ಎಕರೆಯನ್ನು ಒಂದು ಗಾಲ್ಫ್ ಕ್ಲಬ್ಬಿಗೆ ಗುತ್ತಿಗೆ ಕೊಟ್ಟಿತು. ಅವರಿಗೆ ಹೇಳಿ ಒಪ್ಪಿಸಿದ ಷರತ್ತೇ ಬೇರೆ, ಸಹಿಯಾದ ಷರತ್ತೇ ಬೇರೆ. ಅವರು ಸುಪ್ರೀಂ ಕೋರ್ಟ್‌ವರೆಗೆ ಹೋಗಿ 1984ರಲ್ಲಿ ಗೆದ್ದರು. 1 ಕೋಟಿ ಡಾಲರ್ ಪರಿಹಾರ. ಅನುಮತಿಗಿಂತ ಉದ್ದದ ಬಲೆ ಹಾಕಿದ ಅಂತ ಅವರ ಮೀನುಗಾರನೊಬ್ಬನ ಮೇಲೆ ಕೇಸಾದಾಗಲೂ ಬಿಡಲಿಲ್ಲ. ಮೂಲನಿವಾಸಿಗಳ ಮೀನುಗಾರಿಕೆಯ ಹಕ್ಕನ್ನು ಸಂವಿಧಾನವೇ ಕಾಯುತ್ತದೆ ಅಂತ 1990ರಲ್ಲಿ ಬಂದ ಆ ತೀರ್ಪನ್ನು ಇವತ್ತಿಗೂ ಇಡೀ ಕೆನಡಾ ಉದ್ಧರಿಸುತ್ತದೆ. ಇಂಥವರ ಕೈಯಿಂದ ಬಂದ ಹೆಸರು ಇದು.

ಇನ್ನು ನಾಲಿಗೆ ತಿರುಗುವುದಿಲ್ಲ ಅನ್ನುವ ಮಾತು. ದಯವಿಟ್ಟು ನಾವು ಅದನ್ನು ಆಡಬಾರದು. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಬೆಳಗಾವಿ ಸೇರಿ 12 ಊರುಗಳ ಹೆಸರು ಇಂಗ್ಲಿಷಿನಲ್ಲೂ ನಮ್ಮ ಉಚ್ಚಾರಕ್ಕೆ ಬಂದಾಗ, ನಾನಿದ್ದ ಆಫೀಸಿನಲ್ಲಿ "ಹೊರಗಿನವರಿಗೆ ಕಷ್ಟ" ಅಂದವರು ಇದ್ದರು. "ಕಲೀಲಿ ಬಿಡಿ" ಅಂದಿದ್ದೆವು ನಾವು. ಇಲ್ಲಿ ಹೊರಗಿನವರು ನಾವು. ಬಂದ ಹೊಸತರಲ್ಲಿ ಇಲ್ಲಿನ ಬಡಾವಣೆಯೊಂದರ ಹೆಸರು 'ಕಿಟ್ಸಿಲಾನೊ' ಅನ್ನುವುದನ್ನು ವಾರದಲ್ಲಿ ಕಲಿತೆವಲ್ಲ, ಅದೂ ಇಲ್ಲಿನ ಇನ್ನೊಂದು ಮೂಲನಿವಾಸಿ ಸಮುದಾಯವಾದ ಸ್ಕ್ವಾಮಿಶ್ ಜನರ ಮುಖಂಡನೊಬ್ಬನ ಹೆಸರಿನಿಂದಲೇ ಬಂದದ್ದು, ಇಂಗ್ಲಿಷರ ಬಾಯಲ್ಲಿ ಸವೆದು.

ಹೋದ ಭಾನುವಾರ ಮಗಳನ್ನು ಕರೆದುಕೊಂಡು ಆ ಫಲಕದ ಕೆಳಗೆ ನಿಂತಿದ್ದೆ. ಆ ಹೆಸರಿನಲ್ಲಿ ಇಂಗ್ಲಿಷಿನ 'e' ತಲೆಕೆಳಗಾದ ಥರದ ಒಂದು ಅಕ್ಷರ ಮತ್ತೆ ಮತ್ತೆ ಬರುತ್ತದೆ. ಅದರ ಉಚ್ಚಾರ ಹೆಚ್ಚುಕಮ್ಮಿ ನಮ್ಮ 'ಅ', 'ಕಮಲ' ಅನ್ನುವಾಗ ಬರುತ್ತದಲ್ಲ, ಅದೇ. ಇಂಗ್ಲಿಷಿನಲ್ಲಿ ಅದಕ್ಕೊಂದು ಸ್ವಂತ ಅಕ್ಷರವಿಲ್ಲ, ನಮ್ಮ ವರ್ಣಮಾಲೆ ಶುರುವಾಗುವುದೇ ಅಲ್ಲಿಂದ. ನಡುವೆ ಗಂಟಲಿನಿಂದ ಉಸಿರು ತಳ್ಳುವ ಒಂದು ಸದ್ದಿಗೆ ಮಾತ್ರ ನಮ್ಮಲ್ಲೂ ಅಕ್ಷರವಿಲ್ಲ. ಅಲ್ಲಿ ನಾನು ತಡವರಿಸಿದೆ, ಅವಳು ತಡವರಿಸಲಿಲ್ಲ. ಮನೆಗೆ ಬಂದು ಕನ್ನಡದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇವೆ. ಅದರ ಫೋಟೊವನ್ನೇ ಇವತ್ತು ಗ್ರೂಪಿಗೆ ಹಾಕುತ್ತೇನೆ.